ಒದಿ, ಲೆಮ್, ಒದಿ

ನನ್ನ ಅಣ್ಣ ಲೆಮ್ಯುಯೆಲ್ ಗೇನ್ಸ್ ಟಾಲಿವರ್ ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿ ಅದು ಮೂರನೆಯ ವರ್ಷ. ನವೆಂಬರ್ ಮುಗಿಯುತ್ತ ಬಂದಿತ್ತು, ಅವನ ತಂಡ ಗೆದ್ದಿದ್ದು ಒಂದೇ ಒಂದು ಆಟ. ಅದೂ ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು, ಅವರ ಹುಡುಗರು ಊಟ ಕಾಣದೆ ನೇರ ಮೈದಾನಕ್ಕಿಳಿದ ದಿನ. ಅಲಬಾಮಾದ ನಮ್ಮ ಕಡೆ ಶನಿವಾರ ಫುಟ್‌ಬಾಲು, ಭಾನುವಾರ ಚರ್ಚು. ಶನಿವಾರ ಸೋತರೆ ಭಾನುವಾರ ಪಾದ್ರಿಗಳ ಪ್ರವಚನವೂ ಸಪ್ಪೆ. ಹಾಗಾಗಿ ಲೆಮ್ ಅಂಗಡಿಗೆ ಹೋದರೆ ಊರಿನ ಜನ ಟೊಮೇಟೊ ಆರಿಸುವುದರಲ್ಲಿ ಮುಳುಗಿಹೋಗುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು ಎಂದು ಅವನೇ ಒಮ್ಮೆ ನನ್ನ ಹತ್ತಿರ ಹೇಳಿದ್ದ.

ಬೈಯುವ ಕೆಲಸವನ್ನು ಕ್ವಾರ್ಲ್ಸ್‌ನವರು ವಹಿಸಿಕೊಂಡಿದ್ದರು. ಕ್ವಾರ್ಲ್ಸ್ ನದಿಯ ಆಚೆ ದಡದ ಕಾಲೇಜು. ನಮಗಿಂತ ದೊಡ್ಡದು, ನಮಗಿಂತ ಗಟ್ಟಿ ಬಾಯಿಯದು. ಅವರ ಗುರುತು ಕಾಡುಹಂದಿ, ನಮ್ಮದು ಕೊಕ್ಕರೆ. ದಿನವಿಡೀ ಒಂಟಿಕಾಲಲ್ಲಿ ನಿಂತರೂ ಒಂದು ಮೀನು ಹಿಡಿಯಲಾರದ ಹಕ್ಕಿ ಎಂದು ಅವರು ನಮ್ಮನ್ನು ಆಡಿಕೊಳ್ಳುವುದು ನಮ್ಮಜ್ಜನ ಕಾಲದಿಂದಲೂ ಇತ್ತು. ಲೆಮ್ ಬಂದ ಮೇಲೆ ಅವರು ಹಳೆಯ ಹಾಸ್ಯವನ್ನು ನೆನಪಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಅದಕ್ಕೆ ಕಾರಣ ಅವನ ಅತಿ ಎಚ್ಚರಿಕೆ. ನಮ್ಮ ಆಟದಲ್ಲಿ ಚೆಂಡನ್ನು ಎದೆಗವಚಿಕೊಂಡು ಹತ್ತು ಗಜ ಮುಂದೆ ನುಗ್ಗಲು ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲವೆಂದರೆ, ನಾಲ್ಕನೆಯದಕ್ಕೆ ಧೈರ್ಯ ಮಾಡಿ ನುಗ್ಗುವುದೋ, ಇಲ್ಲ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೋ, ಕೋಚ್ ನಿರ್ಧರಿಸಬೇಕು. ನುಗ್ಗಿ ಸೋತರೆ ಚೆಂಡು ನಿಂತಲ್ಲೇ ಅವರ ಪಾಲು. ಲೆಮ್ ಯಾವಾಗಲೂ ಒದೆಸುತ್ತಿದ್ದ. ಇನ್ನೊಂದು ಅಡಿ ಹೋದರೆ ಸಾಕು ಅನ್ನುವಾಗಲೂ ಒದೆಸುತ್ತಿದ್ದ. ಮೊದಲ ವರ್ಷ ಅದನ್ನು ವಿವೇಕ ಅಂದವರು ಮೂರನೆಯ ವರ್ಷ ಬೇರೆ ಹೆಸರಿಟ್ಟರು. ಕ್ವಾರ್ಲ್ಸ್‌ನವರಂತೂ ಅದಕ್ಕೊಂದು ಘೋಷಣೆಯನ್ನೇ ಕಟ್ಟಿದರು. ನಮ್ಮ ತಂಡ ನಾಲ್ಕನೆಯ ಅವಕಾಶಕ್ಕೆ ಬಂದರೆ ಸಾಕು, ಇಡೀ ಮೈದಾನ ತಾಳ ಹಾಕಿ ಕೂಗುತ್ತಿತ್ತು: "ಒದಿ, ಲೆಮ್, ಒದಿ."

ಆ ವರ್ಷದ ಕೊನೆಯ ಆಟ ಕ್ವಾರ್ಲ್ಸ್ ವಿರುದ್ಧ, ಅವರ ಮೈದಾನದಲ್ಲೇ. ಅದು ಮುಗಿದ ಮೇಲೆ ಕಾಲೇಜಿನವರು ಲೆಮ್‌ನನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಹರಡಿತ್ತು. ಅದು ಕಿವಿಗೆ ಬಿದ್ದದ್ದೇ ಕ್ವಾರ್ಲ್ಸ್‌ನ ಅಭಿಮಾನಿಗಳು "ಲೆಮ್ ನಮಗೆ ಬೇಕು" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಟೀ ಶರ್ಟ್ ಹೊಲಿಸಿದರು. ಅವನು ಟಾಲಿವರ್‌ನಲ್ಲೇ ಇನ್ನೂ ಹತ್ತು ವರ್ಷ ಇರಲಿ, ನಾವು ಹತ್ತು ವರ್ಷ ಸುಖವಾಗಿ ಗೆಲ್ಲುತ್ತೇವೆ ಎಂದು ಅದರ ಅರ್ಥ. ನಾನು ಶಾಲಾ ಬಸ್ಸಿನ ಡ್ರೈವರ್. ಆ ವಾರ ಒಂದು ಬೆಳಿಗ್ಗೆ ನದಿ ಆಚೆಯಿಂದ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಅದೇ ಶರ್ಟ್ ಹಾಕಿಕೊಂಡು ಬಸ್ಸು ಹತ್ತಿದರು, ಗುಡ್ ಮಾರ್ನಿಂಗ್ ಮಿಸ್ ವರ್ಡೀನ್ ಅನ್ನುತ್ತಾ. ಆ ದಿನ ನಾನು ಬ್ರೇಕನ್ನು ಸ್ವಲ್ಪ ಜೋರಾಗಿಯೇ ತುಳಿದೆ.

ನಮ್ಮಮ್ಮ ಓಝೆಲ್ಲಾ ಎಂಬತ್ತು ದಾಟಿದವಳು. ಮಗನ ಒಂದು ಆಟವನ್ನೂ ಅವಳು ಕಣ್ಣಾರೆ ನೋಡಿರಲಿಲ್ಲ. ಅಷ್ಟು ದೊಡ್ಡ ಹುಡುಗರು ಒಬ್ಬರ ಮೇಲೊಬ್ಬರು ಬೀಳುವುದನ್ನು ನೋಡಲಾರೆ ಎಂದು ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು, ಇಸ್ತ್ರಿ ಮಾಡುತ್ತಾ ಕೇಳುತ್ತಿದ್ದಳು. ಆಟ ಕೆಟ್ಟರೆ ಬಟ್ಟೆಗೆ ಗೆರೆ ಚೆನ್ನಾಗಿ ಕೂರುತ್ತಿತ್ತು. ಆ ವಾರ ಮಾತ್ರ, ತಾನೂ ಬರುತ್ತೇನೆ ಅಂದಳು. ಬೇಡಮ್ಮ, ಅಲ್ಲಿನ ಬಾಯಿ ಕೆಟ್ಟದ್ದು ಎಂದು ನಾನು ಎಷ್ಟೋ ಹೇಳಿದೆ.

"ನನ್ ಮಗನ್ನ ಮನೆಗೆ ಕಳಿಸೋದೇ ಆದ್ರೆ, ಕರ್ಕೊಂಡ್ ಬರೋದಕ್ಕೆ ಯಾರಾದ್ರೂ ಹೋಗ್ಬೇಕಲ್ಲ," ಅಂದಳು ಅಮ್ಮ.

ಮೈದಾನದ ಹೊರಗೆ ಕಾರು ನಿಲ್ಲಿಸುವ ಹೊತ್ತಿಗೆ ಹೊಗೆ, ಮಾಂಸ ಸುಡುವ ವಾಸನೆ, ಬ್ಯಾಂಡಿನ ಡೋಲು. ಎಲ್ಲೆಲ್ಲೂ ಕಾಡುಹಂದಿ ತಂಡದ ಕೆಂಪು ಬಣ್ಣ. ಗೇಟಿನ ಹತ್ತಿರ ಆ ಶರ್ಟುಗಳನ್ನು ಗುಡ್ಡೆ ಹಾಕಿ ಮಾರುತ್ತಿದ್ದರು. ಅಮ್ಮ ನಿಂತು ಒಂದನ್ನು ಬಿಡಿಸಿ ನೋಡಿದಳು, ಓದಿದಳು, ತನ್ನ ಅಳತೆಯದು ಇದೆಯಾ ಎಂದು ಕೇಳಿದಳು. ನಾನು ಅವಳ ಕೈಹಿಡಿದು ಎಳೆದೆ. ಅದು ಗೇಲಿ ಅಮ್ಮ, ಅದರ ಅರ್ಥ ಬೇರೆ ಎಂದು ಪಿಸುಗುಟ್ಟಿದೆ.

"ಬರೆದೋರ ಅರ್ಥ ಬರೆದೋರಿಗೆ," ಅಂದಳು. "ಲೆಮ್ ನಮಗೆ ಬೇಕು ಅಂತಿದೆ. ನಂಗೂ ಬೇಕು."

ಕೋಟಿನ ಮೇಲೇ ಅದನ್ನು ತೊಟ್ಟುಕೊಂಡಳು.

ಕೋಚ್‌ನ ಮನೆಯವರಿಗೆಂದು ಕೊಟ್ಟ ಸೀಟು ಎದುರು ಬದಿಯಲ್ಲಿ, ತುದಿಯ ಸಾಲಿನಲ್ಲಿ, ನೆರಳಿನಲ್ಲಿ. ಅಮ್ಮನ ಮಂಡಿ ಅಷ್ಟು ಮೆಟ್ಟಿಲು ಹತ್ತುವಂಥದ್ದಲ್ಲ. ಅವಳು ಸುತ್ತ ಕಣ್ಣಾಡಿಸಿ, ಕೆಳಗಡೆ ಬಿಸಿಲು ಬಿದ್ದಿದ್ದ ಮೊದಲ ಸಾಲಿನಲ್ಲಿ ಎರಡು ಖಾಲಿ ಜಾಗ ಕಂಡು, ಕೋಲೂರಿಕೊಂಡು ಅತ್ತ ನಡೆದೇಬಿಟ್ಟಳು. ಅದು ಕ್ವಾರ್ಲ್ಸ್‌ನವರ ನಟ್ಟನಡುವೆ. ಆ ಮೈದಾನದಲ್ಲಿ ಅತಿಥಿ ತಂಡದ ಬೆಂಚನ್ನು ಬೇಕೆಂದೇ ತಮ್ಮ ಅತಿ ಜೋರು ಬಾಯಿಯವರ ಮುಂದೆ ಹಾಕಿರುತ್ತಾರೆ. ಕಂಬಿಯ ಈಚೆ ನಾವು, ಆಚೆ ಕೂಗಿದರೆ ಕೇಳುವಷ್ಟು ದೂರದಲ್ಲಿ ನಮಗೆ ಬೆನ್ನು ಮಾಡಿ ನಿಂತ ಲೆಮ್. ಆ ಬೆನ್ನು ಆ ವರ್ಷ ಎಷ್ಟು ಬಗ್ಗಿಹೋಗಿದೆ ಎಂದು ನನಗೆ ಅಲ್ಲಿಂದ ನೋಡಿದಾಗಲೇ ತಿಳಿದದ್ದು.

ನಮ್ಮ ಪಕ್ಕದಲ್ಲಿ ಕೂತವರು ಕ್ಲಿಯೋಫಸ್ ರಡ್. ಹೆಣ ಸಂಸ್ಕಾರದ ಮನೆ ನಡೆಸುವವರು, ಆ ಊರಿನಲ್ಲಿ ಅವರ ಕೈಯಲ್ಲಿ ಹೋಗದೆ ಯಾರೂ ಮಣ್ಣಾದದ್ದಿಲ್ಲ. ಕ್ವಾರ್ಲ್ಸ್‌ನ ಅಭಿಮಾನಿಗಳಿಗೆಲ್ಲ ಅವರೇ ಮುಂದಾಳು. ಕಪ್ಪು ಸೂಟು, ಕೆಂಪು ಟೋಪಿ, ಕಾಲ ಬಳಿ ನಮ್ಮ ಕೊಕ್ಕರೆ ತಂಡದ ನೀಲಿ ಬಣ್ಣ ಬಳಿದ ಒಂದು ಪುಟ್ಟ ಶವಪೆಟ್ಟಿಗೆ. ಅದರ ಮೇಲೆ ನನ್ನ ಅಣ್ಣನ ಹೆಸರು. ಎದ್ದು ಹೋಗೋಣ ಎಂದು ಅಮ್ಮನ ಕಡೆ ತಿರುಗಿದೆ. ಅವಳು ಆಗಲೇ ರಡ್ ಅವರು ಕೊಟ್ಟ ದಿಂಬಿನ ಮೇಲೆ ಕೂತು, ಅವರ ಕಂಬಳಿಯನ್ನು ಮಂಡಿಗೆ ಹೊದ್ದು, ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ ನೋಡುತ್ತಿದ್ದಳು.

"ಇದು ಆ ಮನುಷ್ಯಂಗೆ ಸಾಲಲ್ಲಪ್ಪಾ," ಅಂದಳು. "ಅವನು ಆರಡಿ ಮೇಲಿದಾನೆ. ಕಾಲು ಹೊರಗೇ ಉಳಿಯುತ್ತೆ."

"ಮಡಚಿ ಹಾಕ್ತೀವಿ ತಾಯಿ," ಅಂದರು ರಡ್, ತುಂಬ ಗಂಭೀರವಾಗಿ. "ಇವತ್ತು ಸಂಜೆ ಹೊತ್ತಿಗೆ ಅವರೇ ಮಡಚಿಕೊಂಡಿರ್ತಾರೆ."

ಹಿಂದಿನ ಸಾಲಿನವರೆಲ್ಲ ನಕ್ಕರು. ಅಮ್ಮನೂ ನಕ್ಕಳು, ಬಾಯ್ತುಂಬ. ನಾನು ನನ್ನ ಬೂಟು ನೋಡಿಕೊಂಡು ಕೂತೆ.

ಮೊದಲಾರ್ಧ ನಾವು ಹೆದರಿದ್ದಕ್ಕಿಂತ ಕೆಟ್ಟದಾಗಿ ಹೋಯಿತು. ಕ್ವಾರ್ಲ್ಸ್ ಹದಿನೇಳು ಅಂಕ ಮಾಡಿತು, ನಾವು ಸೊನ್ನೆ. ನಮ್ಮ ಹುಡುಗರು ನಾಲ್ಕನೆಯ ಅವಕಾಶಕ್ಕೆ ಬಂದಾಗಲೆಲ್ಲ ಆ ಘೋಷಣೆ ಎದ್ದಿತು, ಲೆಮ್ ಪ್ರತಿಸಲವೂ ಒದೆಸಿದ, ಪ್ರತಿಸಲವೂ ಜನ ಎದ್ದುನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ಒಬ್ಬಳು ಹೆಂಗಸು ಗಾಳಿಯಲ್ಲಿ ಅವನಿಗೆ ಮುತ್ತನ್ನೇ ತೂರಿದಳು. ಅವನು ತಿರುಗಿ ನೋಡಲಿಲ್ಲ. ಅವನ ಕಿವಿಯ ಹಿಂದಿನ ನರ ಮಾತ್ರ ಸೆಟೆದು ನಿಂತದ್ದು ನನಗೆ ಕಂಡಿತು. ಚಿಕ್ಕಂದಿನಲ್ಲಿ ಅಳು ಬಂದಾಗ ಅವನಿಗೆ ಹಾಗೇ ಆಗುತ್ತಿತ್ತು.

ಇತ್ತ ಅಮ್ಮ ಆ ಸಾಲಿನ ರಾಣಿಯಾಗಿದ್ದಳು. ರಡ್ ಅವರು ಲೆಮ್‌ನ ಬಗ್ಗೆ ಒಂದು ಹಾಸ್ಯ ಹೇಳಿದರೆ ಇವಳು ಎರಡು ಹೇಳುತ್ತಿದ್ದಳು, ಅವಳದ್ದಕ್ಕೇ ಹೆಚ್ಚು ನಗು. ಈಜಲು ಕಲಿಯುವಾಗ ಅವನು ಒಂದು ಬೇಸಿಗೆ ಪೂರ್ತಿ ಬರೀ ಹೆಬ್ಬೆರಳನ್ನು ನೀರಲ್ಲಿ ಅದ್ದಿಕೊಂಡು ದಡದಲ್ಲಿ ಕೂತಿದ್ದನ್ನು ಹೇಳಿದಳು. ಹೆಂಡತಿಯಾಗುವವಳನ್ನು ಮದುವೆಗೆ ಕೇಳುವುದಕ್ಕೆ ಹೋಗಿ, ಬಾಗಿಲಲ್ಲಿ ನಿಂತು, ಹವಾಮಾನದ ಬಗ್ಗೆ ಮಾತಾಡಿ ವಾಪಸು ಬಂದದ್ದನ್ನು ಹೇಳಿದಳು. ಕೊನೆಗೆ ಆ ಹುಡುಗಿಯೇ ನಮ್ಮನೆಗೆ ಬಂದು ಅವನನ್ನು ಕೇಳಿದಳು ಎಂದಾಗ ಮೂರು ಸಾಲಿನ ಜನ ಹೊಟ್ಟೆ ಹಿಡಿದುಕೊಂಡರು. ಅವರಲ್ಲಿ ಯಾರೂ "ನಮ್ಮನೆ" ಎಂಬ ಮಾತನ್ನು ಗಮನಿಸಲಿಲ್ಲ.

"ನೀವು ಅವರ ಚರ್ಚಿನವರೇ ಇರಬೇಕು," ಅಂದರು ರಡ್, ಕಣ್ಣೊರೆಸಿಕೊಳ್ಳುತ್ತಾ.

ಅದೇ ಚರ್ಚಿಗೇ ಹೋಗುವುದೆಂದು ಅಮ್ಮ ಒಪ್ಪಿಕೊಂಡಳು.

ಮಧ್ಯಂತರದಲ್ಲಿ ಎರಡೂ ಕಾಲೇಜಿನ ಬ್ಯಾಂಡುಗಳು ಮೈದಾನಕ್ಕಿಳಿದವು. ಅಮ್ಮ ನಮ್ಮ ಬ್ಯಾಂಡಿಗೂ ತಲೆದೂಗಿದಳು, ಅವರದ್ದಕ್ಕೂ ತಲೆದೂಗಿದಳು. ಬ್ಯಾಂಡಿನ ವಿಷಯದಲ್ಲಾದರೂ ಕೊಕ್ಕರೆಗಳೇ ಮುಂದು ಎಂದು ರಡ್ ಅವರು ಉದಾರವಾಗಿ ಒಪ್ಪಿ, ನಮಗೆ ಹುರಿದ ಕಡಲೇಕಾಯಿ ಕೊಟ್ಟರು. ಅಮ್ಮ ನಗುತ್ತಿದ್ದರೂ ನನಗೆ ಸಂಕಟ ತಡೆಯಲಾಗಲಿಲ್ಲ. ನಿನಗೆ ನೋವಾಗುವುದಿಲ್ಲವಾ, ನಿನ್ನ ಎದುರಿಗೇ ಅವನ ಹೆಸರಿನ ಪೆಟ್ಟಿಗೆ ಇಟ್ಟಿದ್ದಾರೆ ಎಂದು ಅವಳ ಕಿವಿಯಲ್ಲಿ ಕೇಳಿದೆ. ಅವಳು ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನೋಡು ವರ್ಡೀನ್, ನಮ್ಮೂರಲ್ಲಿ ಮೂರು ತಿಂಗಳಿಂದ ಯಾರೂ ಅವನ ಹೆಸರು ಎತ್ತಿಲ್ಲ ನನ್ನ ಹತ್ರ. ಸತ್ತೋರ ಮನೇಲಿ ಮಾತಾಡೋ ಹಾಗೆ ಮಾತಾಡ್ತಾರೆ. ಇವರು ನಾವು ಬಂದಾಗಿನಿಂದ ಅವನ ವಿಷಯ ಬಿಟ್ಟು ಬೇರೆ ಮಾತೇ ಆಡಿಲ್ಲ. ಎಷ್ಟು ಚೆನ್ನಾಗಿದೆ ಕೇಳೋಕೆ."

ನಾನು ಅದನ್ನು ಹಾಗೆ ಯೋಚಿಸಿರಲಿಲ್ಲ. ಅವಳ ಕೈಯಿಂದ ಒಂದಿಷ್ಟು ಕಡಲೇಕಾಯಿ ತೆಗೆದುಕೊಂಡು ತಿಂದೆ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಹುಡುಗರು ಮೈದಾನದ ಮಧ್ಯದಲ್ಲಿ ಮತ್ತೆ ನಾಲ್ಕನೆಯ ಅವಕಾಶಕ್ಕೆ ಬಂದರು. ಬೇಕಿದ್ದದ್ದು ಒಂದೂವರೆ ಗಜ. ಘೋಷಣೆ ಎದ್ದಿತು. ಲೆಮ್ ಒದೆಯುವ ಹುಡುಗನನ್ನು ಕರೆಯಲು ಕೈ ಅರ್ಧ ಎತ್ತಿದ. ಅವನ ಗದ್ದ ಎದೆಗೆ ಅಂಟಿತ್ತು, ಎರಡೂ ಭುಜ ಮುಂದಕ್ಕೆ ಜೋತುಬಿದ್ದಿದ್ದವು. ಅಮ್ಮ ಕಂಬಳಿ ಸರಿಸಿ ಎದ್ದಳು, ಕಂಬಿ ಹಿಡಿದಳು. ಚರ್ಚಿನ ಕಾಯರ್‌ನಲ್ಲಿ ಐವತ್ತು ವರ್ಷ ಹಾಡಿದ ಗಂಟಲು ಅವಳದು.

"ಲೆಮ್ಯುಯೆಲ್ ಎಜ್ರಾ ಗೇನ್ಸ್," ಎಂದು ಕೂಗಿದಳು. "ಭುಜ ನೇರ ಮಾಡು."

ಅವನ ಭುಜಗಳು ತಾವಾಗಿಯೇ ನೆಟ್ಟಗಾದವು. ಆಮೇಲೆ ಅವನು ತಿರುಗಿದ. ಮೊದಲು ಅವನಿಗೆ ಕಂಡದ್ದು ತನ್ನ ಹೆಸರಿನ ಶವಪೆಟ್ಟಿಗೆ, ಅದರ ಪಕ್ಕ ಕಾಡುಹಂದಿಗಳ ಮುಂದಾಳು, ಅವರ ಪಕ್ಕ ಅದೇ ಗೇಲಿಯ ಶರ್ಟ್ ತೊಟ್ಟು ಕೈಯಲ್ಲಿ ಕಡಲೇಕಾಯಿ ಹಿಡಿದ ಸ್ವಂತ ತಾಯಿ. ಅವನ ಬಾಯಿ ತೆರೆಯಿತು. ಮರುಕ್ಷಣ ಅವನು ನಕ್ಕ. ಮಂಡಿಗೆ ಕೈಯೂರಿ, ಬಗ್ಗಿ, ಉಸಿರು ಸಿಕ್ಕದ ಹಾಗೆ ನಕ್ಕ. ಆ ವರ್ಷವೆಲ್ಲ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೆಂಚಿನಲ್ಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೋಚ್‌ಗೆ ಏನಾಯಿತೆಂದು ತಿರುಗಿ, ಅಮ್ಮನನ್ನು ಕಂಡು, ಅವರೂ ನಗತೊಡಗಿದರು.

ಲೆಮ್ ಎತ್ತಿದ್ದ ಕೈಯನ್ನು ಇಳಿಸಿ, ನುಗ್ಗಿ ಎಂದು ಸನ್ನೆ ಮಾಡಿದ.

ಒದಿ ಒದಿ ಎನ್ನುತ್ತಿದ್ದ ಬಾಯಿಗಳು ಅರ್ಧಕ್ಕೇ ನಿಂತವು. ನಮ್ಮ ಹುಡುಗರು ನುಗ್ಗಿದರು. ಒಂದು ಗಜ ಹೋಗಿ ರಾಶಿಯಾಗಿ ಬಿದ್ದರು. ಸಾಲಲಿಲ್ಲ. ಚೆಂಡು ಕ್ವಾರ್ಲ್ಸ್ ಪಾಲಾಯಿತು, ಜನ ಕುಣಿದಾಡಿದರು. ಲೆಮ್ ಮಾತ್ರ ಇನ್ನೂ ಕಣ್ಣೊರೆಸಿಕೊಂಡು ನಗುತ್ತಲೇ ಇದ್ದ. ಎದ್ದು ಬಂದ ಹುಡುಗರ ಬೆನ್ನು ಒಬ್ಬೊಬ್ಬರದಾಗಿ ತಟ್ಟಿದ.

ರಡ್ ಅವರು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ತಾಯಿ," ಅಂದರು, "ನೀವು ಹೇಳಬಾರದಿತ್ತಾ?"

"ನೀವು ಕೇಳಲಿಲ್ವಲ್ಲಪ್ಪಾ."

ಅವರು ಬಗ್ಗಿ ಪೆಟ್ಟಿಗೆಯನ್ನು ಬೆಂಚಿನಡಿಗೆ ತಳ್ಳಲು ಹೋದರು. ಅಮ್ಮ ಕೋಲು ಅಡ್ಡ ಹಾಕಿದಳು. ಅದು ಅಲ್ಲೇ ಇರಲಿ, ಕಾಲಿಡುವುದಕ್ಕೆ ಅನುಕೂಲವಾಗಿದೆ ಎಂದು ಹೇಳಿ ಕೂತು, ಎರಡೂ ಪಾದಗಳನ್ನು ಅದರ ಮೇಲೆ ಚಾಚಿದಳು. ಹಿಂದೆ ಯಾರೋ ಕಿಸಕ್ಕೆಂದರು. ರಡ್ ಅವರಿಗೂ ತಡೆಯಲಾಗಲಿಲ್ಲ. ಆದರೆ ಗೇಲಿ ನಿಲ್ಲಿಸಬೇಕಾಗಿಲ್ಲ, ಇಷ್ಟು ಹೊತ್ತು ಚೆನ್ನಾಗಿ ಮಾಡುತ್ತಿದ್ದಿರಿ ಎಂದು ಅಮ್ಮ ಅವರಿಗೆ ಧೈರ್ಯ ಹೇಳಬೇಕಾಯಿತು.

ಆಮೇಲಿನದು ಬೇರೆಯೇ ಆಟ. ನಮ್ಮ ಹುಡುಗರು ತಪ್ಪು ಮಾಡಿದರೂ ಬೆಂಚಿನ ಕಡೆ ಹೆದರಿ ನೋಡುವುದನ್ನು ಬಿಟ್ಟಿದ್ದರು. ಡಾಂಟ್ರೆಲ್ ಪೂಲ್ ಎಂಬ ಕುಳ್ಳ ಓಟಗಾರ ಒಬ್ಬನಿದ್ದ, ಲೆಮ್ ಅವನನ್ನು ಯಾವಾಗಲೂ ಜೋಪಾನ ಮಾಡಿ ಬಳಸುತ್ತಿದ್ದ. ಅವತ್ತು ಚೆಂಡನ್ನು ಮತ್ತೆ ಮತ್ತೆ ಅವನ ಕೈಗೇ ಕೊಡಿಸಿದ. ಇನ್ನೊಂದು ನಾಲ್ಕನೆಯ ಅವಕಾಶ ಬಂದಾಗ ಮತ್ತೆ ನುಗ್ಗಿಸಿದ, ಈ ಸಲ ದಕ್ಕಿತು. ಚೆಂಡು ಅವರ ಕೊನೆಯ ಗೆರೆ ದಾಟಿ ಏಳು ಅಂಕ ಬಂತು. ಆಟದ ಕೊನೆಯ ಕಾಲುಭಾಗದಲ್ಲಿ ಡಾಂಟ್ರೆಲ್ ಅರ್ಧ ಮೈದಾನ ಓಡಿ ಇನ್ನೊಂದು ಏಳು ತಂದ. ಹದಿನೇಳಕ್ಕೆ ಹದಿನಾಲ್ಕು. ಸುತ್ತಲೂ ಕೆಂಪು ಶರ್ಟುಗಳ ಮಧ್ಯೆ ಕೂತು ನಾನು ಕೂಗುವ ಹಾಗೂ ಇರಲಿಲ್ಲ, ಸುಮ್ಮನಿರುವ ಹಾಗೂ ಇರಲಿಲ್ಲ. ಅಮ್ಮ ಹುಡುಗರು ಬಿದ್ದಾಗಲೆಲ್ಲ ಕಣ್ಣು ಮುಚ್ಚಿ, ಎದ್ದರಾ ಎಂದು ರಡ್ ಅವರನ್ನು ಕೇಳುತ್ತಿದ್ದಳು. ಎದ್ದರು ತಾಯಿ, ಎಲ್ಲರೂ ಎದ್ದರು ಎಂದು ಅವರು ಹೇಳಿದ ಮೇಲೆ ಕಣ್ಣು ಬಿಡುತ್ತಿದ್ದಳು.

ಆಟ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ನಮ್ಮವರು ಅವರ ಗೆರೆಗೆ ಎರಡು ಗಜ ಹತ್ತಿರ ಇದ್ದರು. ನಾಲ್ಕನೆಯ ಅವಕಾಶ. ಅಷ್ಟು ಹತ್ತಿರದಿಂದ ಕಂಬಗಳ ನಡುವೆ ಒದ್ದರೆ ಮೂರು ಅಂಕ ಖಂಡಿತ, ಆಟ ಸಮ ಆಗುತ್ತಿತ್ತು, ಇನ್ನಷ್ಟು ಹೊತ್ತು ಆಡಬಹುದಿತ್ತು. ನುಗ್ಗಿ ಗೆರೆ ದಾಟಿದರೆ ಗೆಲುವು, ಇಲ್ಲವೇ ಸೋಲು. ಯಾವ ಕೋಚ್ ಆದರೂ ಒದೆಸುತ್ತಿದ್ದ.

ಮೈದಾನದಲ್ಲಿ ಘೋಷಣೆ ಮತ್ತೆ ಎದ್ದಿತು. ಆದರೆ ಈಗ ತಾಳವಿರಲಿಲ್ಲ, ನಗುವೂ ಇರಲಿಲ್ಲ. ಜನ ನಿಜವಾಗಿಯೇ ಬೇಡಿಕೊಳ್ಳುತ್ತಿದ್ದರು. ರಡ್ ಅವರು ಕಂಬಿಗೆ ಒರಗಿ, ಟೋಪಿಯನ್ನು ಎದೆಗೊತ್ತಿಕೊಂಡು, ಸತ್ತವರ ಮನೆಯಲ್ಲಿ ಮಾತಾಡುವ ಮೆತ್ತನೆಯ ದನಿಯಲ್ಲಿ ಹೇಳುತ್ತಿದ್ದರು, "ಒದಿ ಲೆಮ್. ದಯವಿಟ್ಟು ಒದಿಯಪ್ಪಾ."

ಲೆಮ್ ತಿರುಗಿ ಅಮ್ಮನನ್ನು ನೋಡಿದ. ಏನಾದರೂ ಹೇಳುತ್ತಾಳೇನೋ ಎಂದು ನಾನೂ ನೋಡಿದೆ. ಅವಳಿಗೆ ಆಟದ ಲೆಕ್ಕ ಅಷ್ಟು ತಿಳಿಯುತ್ತಿರಲಿಲ್ಲ. ಮಗ ತನ್ನ ಕಡೆ ನೋಡಿದನೆಂದು ಖುಷಿಯಾಗಿ ಕೈ ಬೀಸಿದಳು, ಅಷ್ಟೇ. ಅವನೂ ಕೈ ಬೀಸಿದ. ಆಮೇಲೆ ಹುಡುಗರ ಕಡೆ ತಿರುಗಿ ತನ್ನ ತೀರ್ಮಾನ ಹೇಳಿದ.

ಅವರು ನುಗ್ಗಿದರು. ಡಾಂಟ್ರೆಲ್ ಚೆಂಡನ್ನು ಹೊಟ್ಟೆಗೊತ್ತಿಕೊಂಡು, ತನ್ನ ಎರಡರಷ್ಟಿದ್ದವರ ಕಾಲುಗಳ ಸಂದಿಯಲ್ಲಿ ತೂರಿದ. ಎಲ್ಲರೂ ಗೆರೆಯ ಮೇಲೆ ಗುಡ್ಡೆಯಾಗಿ ಬಿದ್ದರು. ತೀರ್ಪುಗಾರ ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತಾ ಹೋದ. ಅಡಿಯಲ್ಲಿ ಡಾಂಟ್ರೆಲ್ ಮಲಗಿದ್ದ, ಚೆಂಡು ಗೆರೆಯ ಆಚೆ ಅವನ ಗಲ್ಲದ ಕೆಳಗಿತ್ತು. ಅಂಕ ನಮ್ಮದೆಂದು ತೀರ್ಪುಗಾರ ಎರಡೂ ಕೈ ಮೇಲೆತ್ತಿದ.

ಎದುರು ಬದಿಯ ಮೂಲೆಯಲ್ಲಿದ್ದ ನಮ್ಮ ಒಂದು ಹಿಡಿ ಜನ ಎಬ್ಬಿಸಿದ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ನಾನು ಎದ್ದು ನಿಂತು ಯಾರನ್ನೋ ತಬ್ಬಿಕೊಂಡೆ. ಬಿಟ್ಟ ಮೇಲೆ ನೋಡಿದರೆ ಮೊದಲಾರ್ಧದಲ್ಲಿ ಲೆಮ್‌ಗೆ ಮುತ್ತು ತೂರಿದ ಹೆಂಗಸು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ನನ್ನ ಬೆನ್ನು ತಟ್ಟಿ, ಲೆಮ್‌ನನ್ನು ಒಂದು ಸಲ ಬೈದುಕೊಂಡಳು. ಲೆಮ್‌ನನ್ನು ಹುಡುಗರು ಹೆಗಲ ಮೇಲೆ ಹೊತ್ತುಕೊಂಡರು. ಅವನು ಅವರನ್ನು ನಮ್ಮ ಕಂಬಿಯ ಹತ್ತಿರವೇ ತಿರುಗಿಸಿದ, ಅಲ್ಲಿಂದಲೇ ಬಗ್ಗಿ ಅಮ್ಮನ ಹಣೆಗೆ ಮುತ್ತಿಟ್ಟ.

ಹೊರಗೆ, ರಡ್ ಅವರು ಶವ ಸಾಗಿಸುವ ಕಪ್ಪು ಗಾಡಿಯ ಹಿಂಬಾಗಿಲು ತೆರೆದು ಒಲೆ ಹೊತ್ತಿಸಿದ್ದರು. ಹಂದಿಯ ಪಕ್ಕೆಲುಬು, ಕೊಲಾರ್ಡ್ ಸೊಪ್ಪು, ಜೋಳದ ಬ್ರೆಡ್ಡು. ಅಮ್ಮ ಊಟ ಮಾಡದೆ ಹೋದರೆ ತಮ್ಮ ತಾಯಿ ಗೋರಿಯಿಂದ ಎದ್ದು ಬಂದು ಬೈಯುತ್ತಾರೆ, ಆ ಗೋರಿ ಮುಚ್ಚಿದವರೂ ತಾವೇ ಆದ್ದರಿಂದ ಮಾನ ಹೋಗುತ್ತದೆ ಎಂದು ಅವರು ಹಟ ಹಿಡಿದರು. ಹುಡುಗರ ಬಸ್ಸನ್ನು ಸಹಾಯಕರ ಜೊತೆ ಕಳಿಸಿ ಲೆಮ್ ಕೂಡ ಬಂದ. ಸುತ್ತ ಕಾಡುಹಂದಿಗಳು, ನಡುವೆ ಒಂದು ಮಡಚು ಕುರ್ಚಿಯಲ್ಲಿ ನನ್ನ ಅಣ್ಣ. ಬಿಸಿಲು ಇಳಿಯುವ ತನಕ ಅವರು ಅವನನ್ನು ಎದುರೆದುರೇ ಗೇಲಿ ಮಾಡಿದರು. ಸೋತಾಗ ಮಾಡಿದ್ದಕ್ಕಿಂತ ಹೆಚ್ಚಾಗಿ ಮಾಡಿದರು. ಮೂರು ವರ್ಷ ಬಚ್ಚಿಟ್ಟುಕೊಂಡಿದ್ದ ಧೈರ್ಯವನ್ನು ನಮ್ಮ ಮೇಲೇ ಖರ್ಚು ಮಾಡಬೇಕಿತ್ತಾ ಎಂದು ಒಬ್ಬ ಕೇಳಿದ. ಲೆಮ್ ಎರಡು ತಟ್ಟೆ ತಿಂದ. ಆ ತಿಂಗಳಲ್ಲಿ ಅವನು ಸರಿಯಾಗಿ ಊಟ ಮಾಡಿದ್ದು ಅದೇ ಮೊದಲು ಎಂದು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು.

ಕಾಲೇಜಿನವರು ಅವನನ್ನು ತೆಗೆಯಲಿಲ್ಲ. ಕ್ವಾರ್ಲ್ಸ್ ವಿರುದ್ಧ ಗೆದ್ದ ಕೋಚ್‌ನನ್ನು ಕ್ರಿಸ್ಮಸ್‌ಗೆ ಮುಂಚೆ ಮನೆಗೆ ಕಳಿಸುವ ಧೈರ್ಯ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ. ಅವನು ಮಹಾ ಕೋಚ್ ಏನೂ ಆಗಲಿಲ್ಲ. ಮುಂದಿನ ವರ್ಷ ಗೆದ್ದಷ್ಟೇ ಸೋತ, ಕ್ವಾರ್ಲ್ಸ್‌ನವರು ನಮ್ಮ ಮೈದಾನಕ್ಕೇ ಬಂದು ಚೆನ್ನಾಗಿ ಬಡಿದು ಹೋದರು. ಆದರೆ ಅವನು ಅಂಗಡಿಗೆ ಹೋದರೆ ಜನ ಈಗ ಅಡ್ಡಗಟ್ಟಿ, ಆ ಶನಿವಾರ ಯಾಕಯ್ಯಾ ನುಗ್ಗಿಸಿದೆ, ಒದೆಸಬಾರದಿತ್ತಾ ಎಂದು ಜಗಳ ತೆಗೆಯುತ್ತಾರೆ. ಅವನೂ ಕೈಯಲ್ಲಿ ಬುಟ್ಟಿ ಹಿಡಿದುಕೊಂಡೇ ವಾದ ಮಾಡುತ್ತಾನೆ, ಮನೆಗೆ ತಡವಾಗಿ ಬರುತ್ತಾನೆ.

ರಡ್ ಅವರು ಪ್ರತಿ ಭಾನುವಾರ ಚರ್ಚು ಮುಗಿಸಿ ನಮ್ಮ ಮನೆಗೆ ಫೋನ್ ಮಾಡುತ್ತಾರೆ, ನಿಮ್ಮ ಮಗ ನಿನ್ನೆ ಏನು ಮಾಡಿದ ನೋಡಿದಿರಾ ತಾಯಿ ಎಂದು ಶುರುಮಾಡುತ್ತಾರೆ. ಅಮ್ಮ ಫೋನನ್ನು ಮೇಜಿನ ಮೇಲೆ ಬಟಾಣಿ ಬುಟ್ಟಿಯ ಪಕ್ಕ ಇಟ್ಟು, ಸಿಪ್ಪೆ ಬಿಡಿಸುತ್ತಾ ಅವರನ್ನು ಮಾತಾಡಲು ಬಿಡುತ್ತಾಳೆ. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಅವರ ಮಾತೂ ಮುಗಿದಿರುತ್ತದೆ, ಆಗ ಫೋನೆತ್ತಿಕೊಂಡು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳುತ್ತಾಳೆ.